ಹಣ ಕೊಡುವ ಅತಿಥಿಯೂ ಮನೆಯ ಒಳಬಾಗಿಲೂ

ಅತಿಥಿ ಎಂಬ ಶಬ್ದಕ್ಕೆ ತಿಥಿಯನ್ನು ನೋಡದೆ ಬರುವವನು, ಮುನ್ಸೂಚನೆಯಿಲ್ಲದೆ ಬಾಗಿಲಿಗೆ ಬಂದು ನಿಲ್ಲುವವನು ಎಂದು ನಮ್ಮ ಹಿರಿಯರು ಅರ್ಥ ಹೇಳುತ್ತ ಬಂದಿದ್ದಾರೆ. ಇಂದು ನಮ್ಮ ಅನೇಕ ಕುಟುಂಬಗಳಿಗೆ ಬರುತ್ತಿರುವ ಹೊಸ ಬಗೆಯ ಅತಿಥಿ ಈ ಅರ್ಥಕ್ಕೆ ತೀರ ಹೊರಗಿನವನು. ಅವನು ಬರುವ ದಿನ, ಹೊರಡುವ ಗಂಟೆ, ಜೊತೆಗಿರುವವರ ಸಂಖ್ಯೆ, ಕೊಡಬೇಕಾದ ಹಣ ಇವೆಲ್ಲವೂ ಮೊದಲೇ ನಿಶ್ಚಯವಾಗಿರುತ್ತವೆ. ಹಾಗಿದ್ದೂ ಅವನನ್ನು ನಾವು ಅತಿಥಿಯೆಂದೇ ಕರೆಯುತ್ತೇವೆ. ಇಂಗ್ಲಿಷಿನಿಂದ ಬಂದ ‘ಪೇಯಿಂಗ್ ಗೆಸ್ಟ್’ ಎಂಬ ಮಾತು ‘ಪಿ.ಜಿ.’ ಎಂದು ಕುಗ್ಗಿ ಈಗ ಹಳ್ಳಿಯ ತಾಯಂದಿರ ಬಾಯಲ್ಲಿಯೂ ನೆಲೆಸಿದೆ. ಈ ಮಾತಿನ ಎರಡು ಪದಗಳು ಒಂದೇ ಸೂರಿನಡಿಯಲ್ಲಿ ಮುನಿಸಿಕೊಂಡು ಬಾಳುವ ಓರಗಿತ್ತಿಯರಂತಿವೆ. ಹಣ ಕೊಟ್ಟವನು ಗಿರಾಕಿ. ಅತಿಥಿಯಾದವನು ಹಣ ಕೊಡುವುದಿಲ್ಲ. ಈ ಎರಡೂ ಆಗಿರುವ ಒಬ್ಬ ವ್ಯಕ್ತಿ ನಮ್ಮ ನಡುಮನೆಯಲ್ಲಿ ಕುಳಿತಾಗ ಮನೆಯವರು ಅವನೊಡನೆ ಹೇಗೆ ನಡೆದುಕೊಳ್ಳಬೇಕು, ತಮ್ಮ ಮನೆಯನ್ನು ಎಷ್ಟರಮಟ್ಟಿಗೆ ತಮ್ಮದಾಗಿಯೇ ಉಳಿಸಿಕೊಳ್ಳಬೇಕು ಎಂಬುದು ಪ್ರಕೃತ ಲೇಖನದ ವಿಷಯ.

ಧಾರವಾಡವನ್ನೇ ತೆಗೆದುಕೊಳ್ಳೋಣ. 1917ರಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾದಂದಿನಿಂದ ಅದು ವಿದ್ಯಾರ್ಥಿಗಳ ಊರು. 1949ರಲ್ಲಿ ಮುಂಬಯಿಯಲ್ಲಿ ಜನ್ಮತಾಳಿದ ಕರ್ನಾಟಕ ವಿಶ್ವವಿದ್ಯಾಲಯವು ಮರುವರ್ಷ ಧಾರವಾಡಕ್ಕೆ ಬಂದಿತು. 1986ರಲ್ಲಿ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಐ.ಐ.ಟಿ. ಬಂದವು. ಇವುಗಳ ಜೊತೆಗೆ ಸಪ್ತಾಪುರದ ಸುತ್ತಮುತ್ತ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು ಬೆಳೆದು, ಉತ್ತರ ಕರ್ನಾಟಕದ ಹಳ್ಳಿಗಳ ತರುಣ ತರುಣಿಯರು ಅಲ್ಲಿ ಬಂದು ನೆಲೆಸುತ್ತಿದ್ದಾರೆ. ಹಿಂದಿನ ತಲೆಮಾರಿನ ಬಡ ಹುಡುಗರಿಗೆ ಮಠಗಳ ಪ್ರಸಾದನಿಲಯಗಳಿದ್ದವು. ಅದೂ ಸಿಗದವರಿಗೆ ವಾರದ ಏಳು ದಿನ ಏಳು ಮನೆಗಳಲ್ಲಿ ಉಣ್ಣುವ ವಾರಾನ್ನವಿತ್ತು. ಈಗ ಮೇಲುಮಾಳಿಗೆಯ ಎರಡು ಕೋಣೆಗಳನ್ನೋ, ಮಗ ಬೆಂಗಳೂರಿಗೆ ಹೋದ ಮೇಲೆ ತೆರವಾದ ಅವನ ಕೋಣೆಯನ್ನೋ ಬಾಡಿಗೆಗೆ ಕೊಟ್ಟು, ಎರಡು ಹೊತ್ತು ಊಟ ಹಾಕಿ ತಿಂಗಳಿಗಿಷ್ಟು ಎಂದು ತೆಗೆದುಕೊಳ್ಳುವ ಮನೆಗಳು ಬೀದಿಗೊಂದರಂತೆ ಇವೆ. ನಿವೃತ್ತ ಶಿಕ್ಷಕರು, ವಿಧವೆಯರು, ಮಕ್ಕಳು ದೂರವಿರುವ ದಂಪತಿಗಳು ಇದರಿಂದ ಮರ್ಯಾದೆಯಿಂದ ಬದುಕುತ್ತಿದ್ದಾರೆ ಎಂಬುದನ್ನು ಯಾರೂ ಅಲ್ಲಗಳೆಯಲಾರರು.

ಕೊಡಗಿನಲ್ಲಿ ಇದರ ಕಥೆ ಬೇರೆ ದಾರಿಯಲ್ಲಿ ನಡೆಯಿತು. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಹಂಚಿಕೆ ಮುರಿದುಬಿದ್ದ ಮೇಲೆ ಕಾಫಿಯ ಬೆಲೆ ಏರಿಳಿಯುತ್ತ, 2000ದ ನಂತರದ ಎರಡು ಮೂರು ವರ್ಷಗಳಲ್ಲಿ ಪಾತಾಳಕ್ಕೆ ಇಳಿಯಿತು. ತೋಟದ ಮನೆಯ ಬಾಗಿಲನ್ನು ಪ್ರವಾಸಿಗರಿಗೆ ತೆರೆದವರಲ್ಲಿ ಅನೇಕರು ಹವ್ಯಾಸಕ್ಕಾಗಿ ತೆರೆದವರಲ್ಲ, ಅನಿವಾರ್ಯಕ್ಕಾಗಿ ತೆರೆದವರು. ಮೈಸೂರಿನ ಗೋಕುಲಂ ಬಡಾವಣೆಯದು ಮೂರನೆಯ ಬಗೆ. ಪಟ್ಟಾಭಿ ಜೋಯಿಸರ ಯೋಗಶಾಲೆ 2002ರಲ್ಲಿ ಲಕ್ಷ್ಮೀಪುರದಿಂದ ಅಲ್ಲಿಗೆ ಬಂದ ಮೇಲೆ ದೇಶವಿದೇಶಗಳ ಸಾಧಕರು ಅಲ್ಲಿನ ಗೃಹಸ್ಥರ ಮನೆಗಳಲ್ಲಿ ಕೋಣೆ ಹಿಡಿಯತೊಡಗಿದರು. ಇದಾವುದೂ ನಮ್ಮ ನಾಡಿಗೆ ಪೂರ್ತಿ ಹೊಸದೆಂದು ತಿಳಿಯಬೇಕಾಗಿಲ್ಲ. ಗೋಕರ್ಣದಂಥ ಕ್ಷೇತ್ರಗಳಲ್ಲಿ ಯಾತ್ರಿಕರು ಪುರೋಹಿತರ ಮನೆಗಳಲ್ಲಿಯೇ ಇಳಿದುಕೊಂಡು, ಹೊರಡುವಾಗ ದಕ್ಷಿಣೆ ಕೊಟ್ಟು ಹೋಗುವ ಪದ್ಧತಿ ಬಹುಕಾಲದಿಂದ ಇತ್ತು.

ಈಗ ಖಾಸಗಿತನದ ಮಾತು. ಖಾಸಗಿ ಎಂಬುದು ಅರಬ್ಬಿ-ಪಾರಸಿ ಮೂಲದಿಂದ ಮರಾಠಿಯ ಮೂಲಕ ನಮಗೆ ಬಂದ ಶಬ್ದ. ಮರಾಠರ ಆಳ್ವಿಕೆಯಲ್ಲಿ ರಾಜಮನೆತನದ ಸ್ವಂತ ಆಸ್ತಿ ಮತ್ತು ಸ್ವಂತ ವೆಚ್ಚದ ವಿಭಾಗಕ್ಕೆ ಆ ಹೆಸರಿತ್ತು. ಅಂದರೆ ಖಾಸಗಿ ಎಂಬುದು ದೊರೆಗಳಿಗಿದ್ದ ಸೌಕರ್ಯ! ಮಠದ ಪ್ರಸಾದನಿಲಯದಲ್ಲಿ ಬೆಳೆದ ನನ್ನಂಥವರಿಗಂತೂ ಬೀಗವಿರುವ ಒಂದು ತಗಡಿನ ಟ್ರಂಕೇ ಇಡೀ ಖಾಸಗಿ ಸಂಸ್ಥಾನವಾಗಿತ್ತು. ಆ ಕಾಲ ಈಗಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯಿಂದ ಹುಟ್ಟಿದ ಪ್ರಶ್ನೆಗೆ ಉತ್ತರವಾಗಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಪ್ರತಿಯೊಬ್ಬ ವ್ಯಕ್ತಿಯ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. ಆದರೆ ಅತ್ತೆ, ಸೊಸೆ, ಬಾಡಿಗೆಯ ಹುಡುಗ ಇವರ ನಡುವಿನ ಬಚ್ಚಲುಮನೆಯ ಸರದಿಯ ಪ್ರಶ್ನೆಯನ್ನು ಯಾವ ಪೀಠವೂ ಬಗೆಹರಿಸಿಕೊಡಲಾರದು. ಅದನ್ನು ಮನೆಯವರೇ ಬಗೆಹರಿಸಿಕೊಳ್ಳಬೇಕು.

ನಮ್ಮ ಹಳೆಯ ಮನೆಗಳು ಈ ಪ್ರಶ್ನೆಯನ್ನು ಗೋಡೆಗಳಿಂದಲೇ ಬಗೆಹರಿಸಿದ್ದವು. ಬೀದಿಗೆ ತೆರೆದ ಕಟ್ಟೆಯ ಮೇಲೆ ದಾರಿಹೋಕನೂ ಕುಳಿತುಕೊಳ್ಳಬಹುದಾಗಿತ್ತು. ಪರಿಚಿತನು ಪಡಸಾಲೆಗೆ ಬರುತ್ತಿದ್ದ. ಬೀಗರು ಬಿಜ್ಜರಿಗೆ ನಡುಮನೆ. ಅಡುಗೆಮನೆ ಮತ್ತು ದೇವರ ಕೋಣೆ ಮನೆಯವರಿಗೆ. ಹಿತ್ತಿಲು ಪೂರ್ತಿಯಾಗಿ ಹೆಂಗಸರದು. ಗಂಡಸರು ಸಹ ಕೆಮ್ಮಿ, ಸದ್ದು ಮಾಡಿ ಅಲ್ಲಿಗೆ ಹೋಗುತ್ತಿದ್ದರು. ಬಂದವನು ಯಾರೆಂಬುದನ್ನು ಅವನು ಎಷ್ಟನೆಯ ಹೊಸ್ತಿಲಿನವರೆಗೆ ಬಂದನೆಂಬುದೇ ಹೇಳುತ್ತಿತ್ತು. ಬಾಯಿಬಿಟ್ಟು ‘ಇಲ್ಲಿಂದಾಚೆ ಬರಬೇಡಿ’ ಎನ್ನುವ ಪ್ರಸಂಗವೇ ಒದಗುತ್ತಿರಲಿಲ್ಲ. ಕೊಡಗಿನ ಐನ್‌ಮನೆಗಳ ಎತ್ತರದ ಕಯ್ಯಾಲೆಯೂ ಇದೇ ಕೆಲಸವನ್ನು ಮಾಡುತ್ತಿತ್ತು. ಇಂದಿನ ಮೂವತ್ತು-ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಗೆ ಒಂದೇ ಬಾಗಿಲು. ಅದನ್ನು ತೆರೆದರೆ ಹಾಲು. ಹಾಲಿನಿಂದ ಅಡುಗೆಮನೆಯ ಒಲೆ ಕಾಣುತ್ತದೆ, ಮಲಗುವ ಕೋಣೆಯ ಪರದೆ ಕಾಣುತ್ತದೆ, ದೇವರ ಜಗಲಿಯೂ ಕಾಣುತ್ತದೆ. ಹೊಸ್ತಿಲುಗಳು ಹೋದವು, ಆದರೆ ಹೊಸ್ತಿಲುಗಳ ಅವಶ್ಯಕತೆ ಹೋಗಲಿಲ್ಲ. ಗೋಡೆ ಹೇಳುತ್ತಿದ್ದ ಮಾತನ್ನು ಈಗ ಮನುಷ್ಯರೇ ಹೇಳಬೇಕಾಗಿದೆ, ಮತ್ತು ನಮ್ಮ ಗೃಹಸ್ಥರಿಗೆ ಆ ಮಾತನ್ನು ಹೇಳಲು ಬಾಯಿ ಬರುವುದಿಲ್ಲ.

ಬಾಯಿ ಬಾರದಿರುವುದಕ್ಕೆ ಕಾರಣವುಂಟು. ಬಂದವರನ್ನು ಸತ್ಕರಿಸುವುದು ಪುಣ್ಯಕಾರ್ಯ, ಅಲ್ಲಿ ಷರತ್ತು ಹಾಕುವುದು ಸಣ್ಣತನ ಎಂಬ ಸಂಸ್ಕಾರದಲ್ಲಿ ಬೆಳೆದವರು ನಾವು. ಆ ಸಂಸ್ಕಾರ ದಾಸೋಹದ್ದು, ಅದು ಶ್ರೇಷ್ಠವಾದದ್ದು. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ನಡೆಯುತ್ತಿರುವ ಉಚಿತ ಅನ್ನ ಮತ್ತು ಆಶ್ರಯವನ್ನು ಕಂಡವರಿಗೆ ಅದನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಆದರೆ ದಾಸೋಹದಲ್ಲಿ ಕೊಡುವವನು ಏನನ್ನೂ ಪಡೆಯುವುದಿಲ್ಲ. ತಿಂಗಳ ಮೊದಲ ತಾರೀಖಿಗೆ ಹಣ ಎಣಿಸಿಕೊಂಡ ಕ್ಷಣದಿಂದ ಅದು ದಾಸೋಹವಲ್ಲ. ಹಾಗೆಂದು ಅದು ಕೀಳಾದದ್ದೂ ಅಲ್ಲ. ಅದು ಕಾಯಕ. ನಾನು ಈ ಲೇಖನದಲ್ಲಿ ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟೇ: ಈ ವೃತ್ತಿಯನ್ನು ದಾಸೋಹವೆಂದು ಭ್ರಮಿಸಿದ ಮನೆಗಳು ಸೋಲುತ್ತಿವೆ, ಕಾಯಕವೆಂದು ಒಪ್ಪಿಕೊಂಡ ಮನೆಗಳು ನೆಮ್ಮದಿಯಿಂದಿವೆ. ಕಾಯಕಕ್ಕೆ ವೇಳೆಯುಂಟು, ವಿರಾಮವುಂಟು, ನ್ಯಾಯವಾದ ಪ್ರತಿಫಲವುಂಟು, ಶುಚಿಯುಂಟು. ನೇಕಾರನು ಮಗ್ಗದ ಕೋಣೆಗೆ ಗಿರಾಕಿಯನ್ನು ಕರೆಯುತ್ತಾನೆಂದರೆ ತನ್ನ ಮಲಗುವ ಕೋಣೆಗೂ ಕರೆಯುತ್ತಾನೆಂದಲ್ಲ.

ದಾಸೋಹವೆಂದು ಭ್ರಮಿಸಿದ ಮನೆಯಲ್ಲಿ ಏನಾಗುತ್ತದೆ? ಮೊದಲ ತಿಂಗಳು ಬಾಡಿಗೆಯ ಹುಡುಗಿಯನ್ನು ‘ನೀನೂ ನಮ್ಮ ಮಗಳಂತೆ’ ಎಂದು ಬರಮಾಡಿಕೊಳ್ಳುತ್ತಾರೆ. ಮಗಳಾದ ಮೇಲೆ ಅವಳು ಫ್ರಿಜ್ ತೆರೆಯುತ್ತಾಳೆ, ಅಡುಗೆಮನೆಯಲ್ಲಿ ರಾತ್ರಿ ಹತ್ತಕ್ಕೆ ಚಹಾ ಕಾಯಿಸುತ್ತಾಳೆ, ಗೆಳತಿಯರನ್ನು ಕರೆತರುತ್ತಾಳೆ. ಅತ್ತ ಮನೆಯವರೂ ಮಗಳೆಂಬ ಸಲುಗೆಯಿಂದ ಅವಳಿಗೆ ಬಂದ ಫೋನು ಯಾರದು, ತಡವಾದದ್ದೇಕೆ, ಮದುವೆ ಯಾವಾಗ ಎಂದು ಕೇಳುತ್ತಾರೆ. ಅವಳಿಲ್ಲದಾಗ ಕೋಣೆಗೆ ಹೋಗಿ ಹಾಸಿಗೆ ಸರಿಪಡಿಸುತ್ತಾರೆ. ಮೂರನೆಯ ತಿಂಗಳಿಗೆ ಎರಡೂ ಕಡೆ ಮುಖ ಬಿಗಿಯುತ್ತದೆ. ಯಾರೂ ಕೆಟ್ಟವರಲ್ಲ. ಆಡಬೇಕಾದ ಮಾತನ್ನು ಮೊದಲ ದಿನ ಆಡದಿದ್ದುದರ ಫಲವಷ್ಟೆ. ಬಂದವರಿಗೆ ನೀರು ಬೆಲ್ಲ ಕೊಟ್ಟು ಉಪಚರಿಸುವ ನಮ್ಮ ಪದ್ಧತಿಯನ್ನು ಬಿಡಬೇಕಾಗಿಲ್ಲ. ಆ ನೀರು ಬೆಲ್ಲದ ಜೊತೆಗೇ ಯಾವ ಬಾಗಿಲು ನಿಮ್ಮದು, ಯಾವುದು ನಮ್ಮದು, ಊಟದ ವೇಳೆ ಯಾವುದು, ಬಾಗಿಲು ಹಾಕುವುದು ಎಷ್ಟು ಗಂಟೆಗೆ, ಮನೆಯಲ್ಲಿ ಏನು ಬೇಯುವುದಿಲ್ಲ ಎಂಬುದನ್ನು ನಗುನಗುತ್ತ ಹೇಳಿಬಿಡಬೇಕು. ಬರೆದುಕೊಡುವುದು ಇನ್ನೂ ಲೇಸು. ಮೊದಲ ದಿನ ಹೇಳಿದ್ದು ನಿಯಮವೆನಿಸುತ್ತದೆ, ಮೂರನೆಯ ತಿಂಗಳು ಹೇಳಿದ್ದು ಜಗಳವೆನಿಸುತ್ತದೆ.

ಈ ವೃತ್ತಿಯ ನಿಜವಾದ ಭಾರ ಯಾರ ಮೇಲೆ ಬೀಳುತ್ತದೆಂಬುದನ್ನು ಗಂಡಸರು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಯಜಮಾನರು ಪಡಸಾಲೆಯಲ್ಲಿ ಕುಳಿತು, ‘ಹೇಗೂ ಮೇಲಿನ ಕೋಣೆ ಖಾಲಿಯಿದೆ’ ಎಂದು ತೀರ್ಮಾನ ಮಾಡುತ್ತಾರೆ. ಕೋಣೆ ಖಾಲಿಯಿರಬಹುದು, ಅವರ ಮಡದಿಯ ಕೈ ಖಾಲಿಯಿದೆಯೆ? ನಮ್ಮ ಗೃಹಿಣಿಯರಿಗೆ ಪ್ರತ್ಯೇಕ ಕೋಣೆಯೆಂಬುದು ಎಂದೂ ಇರಲಿಲ್ಲ. ಅವರ ಏಕಾಂತವು ಸ್ಥಳದಲ್ಲಿರಲಿಲ್ಲ, ವೇಳೆಯಲ್ಲಿತ್ತು. ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಮಧ್ಯಾಹ್ನದ ಎರಡು ತಾಸು, ಸೆರಗು ಸಡಿಲಿಸಿ ನೆಲದ ತಂಪಿನ ಮೇಲೆ ಒರಗುವ ಹೊತ್ತು. ಎಣ್ಣೆಸ್ನಾನದ ದಿನ ಹಿತ್ತಿಲ ಬಿಸಿಲಿನಲ್ಲಿ ಕೂದಲು ಹರವಿಕೊಂಡು ಕೂಡ್ರುವ ಹೊತ್ತು. ಬೆಳಗಿನ ಜಾವ ಯಾರೂ ಏಳುವ ಮುನ್ನ ಒಲೆಯ ಮುಂದಿನ ಮೌನ. ಹೊರಗಿನವರೊಬ್ಬರು ಮನೆಯಲ್ಲಿದ್ದರೆ ಮೊದಲು ಮಾಯವಾಗುವುದು ಇವೇ. ನೈಟಿಯಲ್ಲಿ ಹಾಲಿಗೆ ಬರುವಂತಿಲ್ಲ. ಗಂಡನೊಡನೆ ಒಂದು ಬಿರುಸಾದ ಮಾತನ್ನು ಆಡುವಂತಿಲ್ಲ, ಗೋಡೆಯಾಚೆ ಕಿವಿಗಳಿವೆ. ಅಳಬೇಕೆನಿಸಿದರೆ ಅಳುವಂತೆಯೂ ಇಲ್ಲ. ಕಾಯಿಲೆಯ ದಿನವೂ ಎರಡು ಹೊತ್ತಿನ ರೊಟ್ಟಿ ತಪ್ಪುವುದಿಲ್ಲ. ಧಾರವಾಡದ ಕೆಲವು ಮನೆಗಳಲ್ಲಿ ಹತ್ತು ವರ್ಷಗಳಿಂದ ಇಪ್ಪತ್ತು ಜನಕ್ಕೆ ರೊಟ್ಟಿ ಬಡಿಯುತ್ತಿರುವ ತಾಯಂದಿರನ್ನು ನಾನು ಬಲ್ಲೆ. ಬ್ಯಾಂಕಿನ ಖಾತೆ ಯಾರ ಹೆಸರಿನಲ್ಲಿದೆಯೆಂದು ಕೇಳಿದರೆ ಅವರು ನಕ್ಕು ಸುಮ್ಮನಾಗುತ್ತಾರೆ.

ಆದುದರಿಂದ ಮನೆಯಲ್ಲಿ ಅತಿಥಿಗಳನ್ನು ಇಟ್ಟುಕೊಳ್ಳಬೇಕೆ ಎಂಬ ನಿರ್ಣಯವನ್ನು ಅಡುಗೆಮನೆಯಲ್ಲಿ ಕುಳಿತು ಮಾಡಬೇಕು. ಮನೆಯೊಡತಿ, ಸೊಸೆ, ಬೆಳೆದ ಹೆಣ್ಣುಮಕ್ಕಳು ಇವರಲ್ಲಿ ಒಬ್ಬರು ಬೇಡವೆಂದರೂ ಆ ಮಾತಿಗೆ ಬೆಲೆ ಕೊಡಬೇಕು. ಬಂದ ಹಣ ದುಡಿದವಳ ಹೆಸರಿಗೆ ಜಮೆಯಾಗಬೇಕು. ಮಧ್ಯಾಹ್ನದ ಆ ಎರಡು ತಾಸು ಯಾವ ಅತಿಥಿಗೂ ಊಟ, ಚಹಾ, ಬೀಗದ ಕೈ ಯಾವುದೂ ಇಲ್ಲವೆಂದು ನಿಯಮವಾಗಬೇಕು. ಇನ್ನು ಬಚ್ಚಲುಮನೆ. ನನ್ನ ದೃಢವಾದ ಅಭಿಪ್ರಾಯದಲ್ಲಿ ಅತಿಥಿಗಳಿಗೆ ಪ್ರತ್ಯೇಕ ಬಚ್ಚಲುಮನೆ ಕಟ್ಟಿಸಲಾರದವರು ಈ ವೃತ್ತಿಗೆ ಇಳಿಯಲೇಬಾರದು. ಕೋಣೆ ಹಂಚಿಕೊಂಡರೂ ನಡೆದೀತು, ಇದು ನಡೆಯದು. ಬೆಳಿಗ್ಗೆ ಸ್ನಾನ ಮಾಡಿ, ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಕಣ್ಣು ನಿಲ್ಲಿಸಿ ಕುಳಿತುಕೊಳ್ಳುವ ಮನೆಯಲ್ಲಿ ಬಚ್ಚಲಿನ ಬಾಗಿಲಿಗೆ ಸರದಿ ನಿಲ್ಲುವಂತಾದರೆ ಆ ಮನೆಯ ದಿನವೇ ಕೆಟ್ಟಿತು. ಆ ಪೂಜೆಯೂ ಅಷ್ಟೆ. ಅದು ವ್ಯಕ್ತಿಯ ಅಂತರಂಗದ ವ್ಯವಹಾರ, ಪ್ರವಾಸಿಗನು ಕ್ಯಾಮರಾ ಹಿಡಿದು ನೋಡುವ ದೃಶ್ಯವಲ್ಲ. ‘ಈ ಹೊತ್ತಿನಲ್ಲಿ ಈ ಕೋಣೆಯ ಬಾಗಿಲು ಹಾಕಿರುತ್ತದೆ’ ಎಂದು ಹೇಳಿದರೆ ಸಭ್ಯರಾದ ಯಾರೂ ತಪ್ಪು ತಿಳಿಯುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದೆ ಮುಂದುವರಿಯಲಾರೆ. ನಮ್ಮ ಮನೆಯ ಆಚಾರ, ನಮ್ಮ ಖಾಸಗಿತನ ಎಂಬ ನೆಪದಿಂದ ಕೋಣೆ ಕೇಳಲು ಬಂದ ಹುಡುಗನ ಜಾತಿಯನ್ನು ವಿಚಾರಿಸುವ ರೂಢಿ ನಮ್ಮಲ್ಲಿ ಇಲ್ಲದಿಲ್ಲ. ‘ನಿಮ್ಮ ಅಡ್ಡಹೆಸರೇನು’ ಎಂದು ಸುತ್ತಿ ಬಳಸಿ ಕೇಳಿ, ಉತ್ತರ ಹಿಡಿಸದಿದ್ದರೆ ‘ಕೋಣೆ ನಿನ್ನೆಯೇ ಹೋಯಿತು’ ಎನ್ನುತ್ತಾರೆ. ಬಂದವನ ಕುಲವನ್ನು ಎಣಿಸಬಾರದೆಂದು 12ನೆಯ ಶತಮಾನದಲ್ಲಿ ಸಾರಿದವರ ಹೆಸರು ಹೇಳಿಕೊಂಡು ಇದನ್ನು ಮಾಡುವುದು ನಾಚಿಕೆಗೇಡು. ಮನೆಗೆ ಗೆರೆ ಬೇಕು, ನಿಜ. ಆ ಗೆರೆ ನಡತೆಯ ಮೇಲಿರಲಿ. ಇಲ್ಲಿ ಮಾಂಸ ಬೇಯಿಸುವುದಿಲ್ಲ, ಮದ್ಯ ತರಬಾರದು, ರಾತ್ರಿ ಹತ್ತರ ಮೇಲೆ ಸದ್ದು ಕೂಡದು ಎನ್ನುವುದು ಯಾರಿಗೂ ಅವಮಾನವಲ್ಲ; ಒಪ್ಪಿದವರು ಇರುತ್ತಾರೆ, ಒಪ್ಪದವರು ಬೇರೆ ಕಡೆ ಹೋಗುತ್ತಾರೆ. ಹುಟ್ಟನ್ನು ಕೇಳಿ ಬಾಗಿಲು ಹಾಕುವುದು ಖಾಸಗಿತನವಲ್ಲ.

ಖಾಸಗಿತನವು ಬಂದವರಿಗೂ ಉಂಟೆಂಬುದನ್ನು ಎಷ್ಟೋ ಮನೆಗಳಲ್ಲಿ ಮರೆಯುತ್ತಾರೆ. ಕೋಣೆಗೆ ಒಳಗಿನಿಂದ ಚಿಲಕವಿರಬೇಕು, ಹೊರಗಿನಿಂದ ಬೀಗವಿರಬೇಕು. ಅವರಿಲ್ಲದಾಗ ಹೋಗಬೇಕಾದರೆ ಮೊದಲೇ ತಿಳಿಸಬೇಕು. ಗುರುತಿನ ಚೀಟಿಯನ್ನು ನೋಡುವುದು, ದಾಖಲೆ ಇಡುವುದು ಯೋಗ್ಯವೇ. ವಿದೇಶಿಯರು ತಂಗಿದಲ್ಲಿ 24 ಗಂಟೆಗಳೊಳಗೆ ಸಂಬಂಧಪಟ್ಟ ಅಧಿಕಾರಿಗಳಿಗೆ ಮಾಹಿತಿ ಕೊಡುವುದಂತೂ ಮನೆಯವರ ಮೇಲೆ ಕಾನೂನು ಹೊರಿಸಿದ ಹೊಣೆ. ಆದರೆ ಬಾಡಿಗೆಯ ಹುಡುಗಿಯರ ಆಧಾರ್ ಪ್ರತಿಗಳು ಫ್ರಿಜ್ಜಿನ ತಲೆಯ ಮೇಲೆ ಹಾಲಿನ ಲೆಕ್ಕದ ಚೀಟಿಗಳೊಡನೆ ಬಿದ್ದಿರುವುದನ್ನು ನೋಡಿದ್ದೇನೆ. ಹನ್ನೆರಡು ಅಂಕಿಗಳಲ್ಲಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಆಧಾರ್ ಪ್ರತಿಯನ್ನು ಪ್ರಾಧಿಕಾರವೇ ಒದಗಿಸುತ್ತದೆ. ಅದನ್ನು ಕೇಳಿ ಪಡೆಯಬಹುದು, ಪಡೆದದ್ದನ್ನು ಬೀಗದೊಳಗೆ ಇಡಬಹುದು.

ಕ್ಯಾಮರಾದ ವಿಷಯ ಇದಕ್ಕಿಂತ ಗಂಭೀರ. ಕಳ್ಳರ ಭಯದಿಂದ ಬೀದಿಬಾಗಿಲಿಗೆ ಒಂದನ್ನು ಹಾಕಿಸಿದವರು ಕ್ರಮೇಣ ಹಾಲಿಗೆ, ಮೆಟ್ಟಿಲಿಗೆ ಹಾಕಿಸುತ್ತಾರೆ. ಏರ್‌ಬಿಎನ್‌ಬಿ ಎಂಬ ಸಂಸ್ಥೆಯ ಹೆಸರನ್ನು ವಾಚಕರು ಕೇಳಿರಬಹುದು. 2007ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಇಬ್ಬರು ತರುಣರು ಬಾಡಿಗೆ ಕಟ್ಟಲು ಹಣ ಸಾಲದೆ ತಮ್ಮ ಮನೆಯಲ್ಲಿ ಗಾಳಿ ತುಂಬಿದ ಹಾಸಿಗೆಗಳನ್ನು ಹಾಸಿ ಅತಿಥಿಗಳನ್ನು ಇರಿಸಿಕೊಂಡದ್ದೇ ಅದರ ಮೂಲ. ಇಂದು ಲೋಕವನ್ನೆಲ್ಲ ವ್ಯಾಪಿಸಿರುವ ಆ ಸಂಸ್ಥೆ ಬಹುಕಾಲ, ಮೊದಲೇ ತಿಳಿಸಿದರೆ ಮನೆಯ ಸಾಮಾನ್ಯ ಭಾಗಗಳಲ್ಲಿ ಕ್ಯಾಮರಾ ಇರಬಹುದೆನ್ನುತ್ತಿತ್ತು. ಕೊನೆಗೆ 2024ರ ಏಪ್ರಿಲ್ 30ರಿಂದ ಮನೆಯೊಳಗೆ ಎಲ್ಲಿಯೂ ಕೂಡದೆಂದು ಜಗತ್ತಿನಾದ್ಯಂತ ನಿಷೇಧಿಸಿತು. ವ್ಯಾಪಾರಸ್ಥರಿಗೇ ಹೊಳೆದದ್ದು ನಮಗೆ ಹೊಳೆಯಬಾರದೆ? ಮರೆಯಲ್ಲಿರುವ ಹೆಣ್ಣುಮಗಳನ್ನು ಕದ್ದು ನೋಡುವುದು, ಚಿತ್ರಿಸುವುದು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ ಅಪರಾಧ. ಮೊದಲ ಸಲಕ್ಕೇ ಕನಿಷ್ಠ ಒಂದು ವರ್ಷ, ಮೂರು ವರ್ಷಗಳವರೆಗೂ ಸೆರೆವಾಸವುಂಟು.

ಕ್ಯಾಮರಾ ಅತಿಥಿಗಳ ಕೈಯಲ್ಲಿಯೂ ಇದೆ. ತೋಟದ ಮನೆಗೆ ಎರಡು ದಿನಕ್ಕೆ ಬಂದವರು ಅಜ್ಜಿ ಅಡಕೆ ಕುಟ್ಟುವುದನ್ನು, ಅಂಗಳದಲ್ಲಿ ಆಡುವ ಮಗುವನ್ನು, ಒಲೆಯ ಮುಂದಿನ ಸೊಸೆಯನ್ನು ಚಿತ್ರ ತೆಗೆದು, ‘ನಿಜವಾದ ಹಳ್ಳಿಯ ಮನೆ’ ಎಂದು ಊರಿಗೆಲ್ಲ ಹಂಚುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಸಂದೇಹವಿಲ್ಲ. ಮನೆಯಲ್ಲಿ ವಾಸವಾಗಿರುವ ಕುಟುಂಬವೇ ಅತಿಥಿಗಳನ್ನು ನೋಡಿಕೊಳ್ಳಬೇಕು, ಬಾಡಿಗೆಯ ಕೋಣೆಗಳು ಆರನ್ನು ಮೀರಬಾರದು ಎಂಬುದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯ ಮೂಲ ಷರತ್ತು. ಅಂದರೆ ಅತಿಥಿಗೆ ಬೇಕಾದದ್ದು ಕೋಣೆಯಷ್ಟೇ ಅಲ್ಲ, ಕುಟುಂಬದ ಸಾನ್ನಿಧ್ಯ. ಸಾನ್ನಿಧ್ಯವನ್ನು ಕೊಡೋಣ, ಒಂದು ಹೊತ್ತಿನ ಊಟವನ್ನು ಜೊತೆಗೆ ಕುಳಿತು ಉಣ್ಣೋಣ, ತೋಟ ಸುತ್ತಿಸೋಣ. ಮಕ್ಕಳ ಚಿತ್ರ ತೆಗೆಯಬೇಡಿ ಎಂದೂ ಹೇಳೋಣ.

ಕೊನೆಯದಾಗಿ ಪಂಚಾಂಗದ ಮಾತು. ಮನೆಯೆಂದ ಮೇಲೆ ಅಲ್ಲಿ ಹಬ್ಬವುಂಟು, ಪರೀಕ್ಷೆಯುಂಟು, ಕಾಯಿಲೆ ಸಾವುಗಳುಂಟು. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2020ರ ಮಾರ್ಚಿನಲ್ಲಿ ದೇಶವೇ ಬಾಗಿಲು ಹಾಕಿದಾಗ ಈ ಆದಾಯ ಒಂದೇ ದಿನದಲ್ಲಿ ನಿಂತುಹೋದದ್ದನ್ನು ಕಂಡಿದ್ದೇವೆ. ಅದನ್ನೇ ನೆಚ್ಚಿ ಸಾಲ ಮಾಡಿದವರ ಪಾಡು ಬೇರೆ ಹೇಳಬೇಕಾಗಿಲ್ಲ. ಪ್ರಕೃತಿ ನಿಲ್ಲಿಸಿದಾಗ ಸಹಿಸಿಕೊಂಡವರು, ವರ್ಷದಲ್ಲಿ ಕೆಲವು ದಿನಗಳನ್ನು ತಾವಾಗಿಯೇ ನಿಲ್ಲಿಸಿಕೊಳ್ಳುವುದಕ್ಕೆ ಹಿಂಜರಿಯಬೇಕಾಗಿಲ್ಲ. ಮುಖ್ಯವಾಗಿ ಬಾಣಂತನ. ಚೊಚ್ಚಲು ಹೆರಿಗೆಗೆ ಮಗಳು ತವರಿಗೆ ಬರುವ ಪದ್ಧತಿ ನಮ್ಮಲ್ಲಿದೆ. ಅವಳಿಗೆ ಬೇಕಾದದ್ದು ಗಾಳಿಯಾಡದ ಬೆಚ್ಚನೆಯ ಕೋಣೆ, ಎಣ್ಣೆನೀರು, ಹಗಲಿನ ನಿದ್ದೆ, ತಾಯಿಯ ಎರಡೂ ಕೈ. ಕೋಣೆ ಬಾಡಿಗೆಗೆ ಹೋಗಿದೆಯೆಂದು ಬಾಣಂತಿಯನ್ನು ಹಾಲಿನ ಮೂಲೆಯಲ್ಲಿ ಪರದೆ ಕಟ್ಟಿ ಮಲಗಿಸಿದ ಮನೆಯೊಂದನ್ನು ನಾನು ಬಲ್ಲೆ. ಹೋಗಿ ಬರುವ ಹುಡುಗರ ಚಪ್ಪಲಿಯ ಸದ್ದಿಗೆ ಆ ಕೂಸು ಬೆಚ್ಚಿ ಏಳುತ್ತಿತ್ತು. ಮಗಳು ಬರುವ ಸುದ್ದಿ ಐದಾರು ತಿಂಗಳು ಮೊದಲೇ ತಿಳಿದಿರುತ್ತದೆ. ಅಂದೇ ಕೋಣೆಯಲ್ಲಿದ್ದವರಿಗೆ ವಿಷಯ ತಿಳಿಸಿ, ಅವರಿಗೆ ಪರಿಚಯದ ಇನ್ನೊಂದು ಮನೆಯನ್ನು ಗೊತ್ತುಮಾಡಿಕೊಟ್ಟು, ಮುಂಗಡ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಿ, ಹೆರಿಗೆಗೆ ಒಂದು ತಿಂಗಳು ಇರುವಾಗಲೇ ಆ ಕೋಣೆಗೆ ಸುಣ್ಣ ಬಳಿಸಬೇಕು.